ಶೇ 90 ಸೆರೊಟೋನಿನ್ ಹೊಟ್ಟೆಯಲ್ಲೇ ಇದೆ, ನಿಜ. ಆದರೆ ಅಲ್ಲಿ ಅದರ ಕೆಲಸ ಖುಷಿ ಕೊಡುವುದಲ್ಲ

ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ತಯಾರಾಗುವುದು ಮೆದುಳಿನಲ್ಲಲ್ಲ, ಹೊಟ್ಟೆಯಲ್ಲಿ. ಈ ಸಾಲು ಇರುವ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಸಾಲು ನಿಜವೇ. ತೊಂದರೆ ಇರುವುದು ಅದರ ಕೆಳಗೆ ಪೋಣಿಸಿರುವ ಮಾತುಗಳಲ್ಲಿ. ಬೆಳಿಗ್ಗೆ ಎರಡು ಬಾಳೆಹಣ್ಣು ತಿಂದರೆ ಖಿನ್ನತೆ ಓಡಿಹೋಗುತ್ತದೆಯಂತೆ, ಕರುಳು ಶುದ್ಧಿ ಮಾಡಿಕೊಂಡರೆ ಮನಸ್ಸು ತಾನಾಗಿ ಸರಿಯಾಗುತ್ತದೆಯಂತೆ, ಡಾಕ್ಟರು ಬರೆದುಕೊಟ್ಟ ಮಾತ್ರೆ ಬೇಕೇ ಇಲ್ಲವಂತೆ.

ಹೊಟ್ಟೆಯಲ್ಲಿ ಇಷ್ಟೊಂದು ಸೆರೊಟೋನಿನ್ ಇರುವುದು ಖುಷಿಗಾಗಿ ಅಲ್ಲ. ತಿಂದದ್ದನ್ನು ಮುಂದಕ್ಕೆ ಸಾಗಿಸಲು ನೆರವಾಗುವುದು, ಒಳಗೆ ಏನಾಗುತ್ತಿದೆ ಎಂಬ ಸುದ್ದಿಯನ್ನು ನರಗಳಿಗೆ ಮುಟ್ಟಿಸುವುದು, ಇವೆರಡು ಅದರ ಮುಖ್ಯ ಕೆಲಸ. ಈ ಕೆಲಸದ ಹದ ತಪ್ಪಿದರೆ ಭೇದಿ, ಮಲಬದ್ಧತೆ, ಹೊಟ್ಟೆ ನುಲಿತ, ವಾಕರಿಕೆ. ವರ್ಷಗಟ್ಟಲೆ ಹೊಟ್ಟೆಯ ಕಾಟ ಪಟ್ಟು, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ನಾರ್ಮಲ್ ಬಂದು, ಕೊನೆಗೆ ಮನೆಯವರಿಂದ ‘ನಿನಗೇನೂ ಆಗಿಲ್ಲ, ಎಲ್ಲ ನಿನ್ನ ಮನಸ್ಸಿನದು’ ಎಂದು ಹೇಳಿಸಿಕೊಳ್ಳುವವರು ಬಹಳ ಜನ ಇದ್ದಾರೆ. ಬಾಳೆಹಣ್ಣಿನ ಕಥೆಗಿಂತ ಅವರಿಗೆ ಬೇಕಾಗಿರುವುದು ಈ ಎರಡು ಕೆಲಸಗಳ ವಿವರ.

ಮೊದಲು ಸಿಕ್ಕಿದ್ದೇ ಕರುಳಿನಲ್ಲಿ

1930ರ ದಶಕದಲ್ಲಿ ಇಟಲಿಯ ವಿಜ್ಞಾನಿ ವಿಟ್ಟೋರಿಯೊ ಎರ್‌ಸ್ಪಾಮರ್ ಜೀರ್ಣಾಂಗದ ಒಳಪೊರೆಯಲ್ಲಿರುವ ಒಂದು ಬಗೆಯ ಜೀವಕೋಶಗಳಿಂದ ಒಂದು ವಸ್ತುವನ್ನು ತೆಗೆದರು. ಅದು ಸೋಕಿದರೆ ಸ್ನಾಯು ಬಿಗಿದುಕೊಳ್ಳುತ್ತಿತ್ತು. ಅವರು ಅದನ್ನು ಎಂಟರಮೈನ್ ಎಂದು ಕರೆದರು. ಇತ್ತ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 1948ರಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್, ಇರ್ವಿನ್ ಪೇಜ್ ಎಂಬ ಮೂವರು ರಕ್ತನಾಳವನ್ನು ಬಿಗಿ ಮಾಡುವ ವಸ್ತುವೊಂದನ್ನು ರಕ್ತದ ಸೀರಂನಿಂದ ಬೇರ್ಪಡಿಸಿದರು. ಸೀರಂನಲ್ಲಿ ಸಿಕ್ಕಿದ್ದು, ನಾಳದ ಟೋನ್ ಅಂದರೆ ಬಿಗಿ ಹೆಚ್ಚಿಸುವುದು, ಹಾಗಾಗಿ ಸೆರೊಟೋನಿನ್. ಎರ್‌ಸ್ಪಾಮರ್ ಹೇಳುತ್ತಿದ್ದುದೂ ಇವರು ಹೇಳುತ್ತಿರುವುದೂ ಒಂದೇ ವಸ್ತು ಎಂದು 1952ರ ಹೊತ್ತಿಗೆ ಗೊತ್ತಾಯಿತು. ಮೆದುಳಿನಲ್ಲೂ ಇದು ಇದೆ ಎಂದು ಬೆಟ್ಟಿ ಟ್ವಾರೋಗ್ ಎಂಬ ಯುವ ವಿಜ್ಞಾನಿ, ಪೇಜ್ ಜೊತೆಗೂಡಿ ವರದಿ ಮಾಡಿದ್ದು 1953ರಲ್ಲಿ.

ಅಂದರೆ ‘ಹ್ಯಾಪಿ ಹಾರ್ಮೋನ್’ ಎಂಬ ಬಿರುದು ಬರುವುದಕ್ಕೆ ಬಹಳ ಮೊದಲೇ ಇದು ಕರುಳಿನ, ರಕ್ತದ ರಾಸಾಯನಿಕವಾಗಿತ್ತು. ಬಿರುದು ಕೊಟ್ಟವರು ಜಾಹೀರಾತಿನವರು ಮತ್ತು ನಮ್ಮಂಥ ಬರೆಯುವವರು.

ಸೀಟಿ ಊದುವ ಕಂಡಕ್ಟರ್

ಕರುಳಿನ ಒಳಪೊರೆಯಲ್ಲಿ ಅಲ್ಲೊಂದು ಇಲ್ಲೊಂದು ಚದುರಿಕೊಂಡಿರುವ ಈ ವಿಶೇಷ ಕೋಶಗಳಿಗೆ ಎಂಟರೊಕ್ರೋಮಾಫಿನ್ ಕೋಶ ಎಂದು ಹೆಸರು. ಚಿಕ್ಕದಾಗಿ ಇಸಿ ಕೋಶ ಎನ್ನೋಣ. ಒಳಪೊರೆಯ ನೂರು ಕೋಶಗಳನ್ನು ಎಣಿಸಿದರೆ ಒಂದು ಸಿಕ್ಕುವುದೂ ಕಷ್ಟ. ಆದರೂ ದೇಹದ ಬಹುಪಾಲು ಸೆರೊಟೋನಿನ್ ತಯಾರಿಸುವುದು ಇವೇ. ಕಚ್ಚಾ ವಸ್ತು ಟ್ರಿಪ್ಟೋಫಾನ್. ಬೇಳೆ, ಹಾಲು, ಮೊಟ್ಟೆ, ಕಡಲೆಕಾಯಿಯಂಥ ಪ್ರೋಟೀನ್ ಆಹಾರದಲ್ಲಿ ಸಿಗುವ ಅಮೈನೋ ಆಮ್ಲ ಅದು.

ಇಸಿ ಕೋಶದ ಒಂದು ತುದಿ ಕರುಳಿನ ಒಳಗಿನ ಆಹಾರದ ಕಡೆ ಇರುತ್ತದೆ, ಇನ್ನೊಂದು ತುದಿ ಒಳಪೊರೆಯ ಕೆಳಗಿನ ನರಗಳ ಕಡೆ. ಆಹಾರ ಬಂದು ಗೋಡೆಯನ್ನು ಒತ್ತಿದಾಗ ಕೋಶ ಸೆರೊಟೋನಿನ್ ಬಿಡುತ್ತದೆ. 1950ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಎಡಿತ್ ಬೂಲ್‌ಬ್ರಿಂಗ್ ಮತ್ತು ಸಂಗಡಿಗರು ಗಿನಿಪಿಗ್‌ನ ಕರುಳಿನ ಒಳಗೆ ಒತ್ತಡ ಹೆಚ್ಚಿಸಿ ಇದನ್ನು ತೋರಿಸಿದರು. ಒತ್ತಡ ಹೆಚ್ಚಿದಂತೆ ಸೆರೊಟೋನಿನ್ ಹೆಚ್ಚು ಹೊರಬಂತು, ಕರುಳಿನ ಅಲೆಯಂಥ ಚಲನೆ ಜೋರಾಯಿತು. ಒತ್ತಿದ್ದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಎಂಬುದಕ್ಕೆ ಉತ್ತರ ಸಿಗಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಚರ್ಮಕ್ಕೆ ಸ್ಪರ್ಶದ ಅರಿವು ಕೊಡುವ ಪೀಜೋ2 ಎಂಬ ಪ್ರೋಟೀನ್ ಇಸಿ ಕೋಶಗಳಲ್ಲೂ ಇದೆ ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡ 2018ರಲ್ಲಿ ವರದಿ ಮಾಡಿತು. ಪೀಜೋ ಪ್ರೋಟೀನ್‌ಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್‌ಗೂ, ಮೆಣಸಿನಕಾಯಿಯ ಖಾರ ನರಗಳಿಗೆ ಹೇಗೆ ತಿಳಿಯುತ್ತದೆ ಎಂದು ತೋರಿಸಿದ ಡೇವಿಡ್ ಜೂಲಿಯಸ್‌ಗೂ 2021ರ ವೈದ್ಯಕೀಯ ನೊಬೆಲ್ ಬಂತು. ಇಸಿ ಕೋಶ ಒತ್ತಡವನ್ನಷ್ಟೇ ಅಲ್ಲ, ಕಿರಿಕಿರಿ ಮಾಡುವ ರಾಸಾಯನಿಕಗಳನ್ನೂ ಗುರುತಿಸುತ್ತದೆ ಎಂದು 2017ರಲ್ಲಿ ತೋರಿಸಿದ್ದು ಇದೇ ಜೂಲಿಯಸ್ ಅವರ ಪ್ರಯೋಗಾಲಯ.

ಹೊರಬಂದ ಸೆರೊಟೋನಿನ್ ಏನು ಮಾಡುತ್ತದೆ? ಪಕ್ಕದಲ್ಲೇ ಇರುವ ನರದ ತುದಿಗಳನ್ನು ತಟ್ಟುತ್ತದೆ. ಕರುಳಿನ ಗೋಡೆಯೊಳಗೇ 10 ಕೋಟಿಗೂ ಹೆಚ್ಚು ನರಕೋಶಗಳ ಜಾಲವಿದೆ. ಮೆದುಳನ್ನು ಕೇಳದೆಯೇ ಅದು ಕರುಳನ್ನು ನಡೆಸಬಲ್ಲದು. ಸೆರೊಟೋನಿನ್ ತಟ್ಟಿದ ಕೂಡಲೇ ಆಹಾರದ ಹಿಂದಿನ ಭಾಗದ ಸ್ನಾಯು ಬಿಗಿಯುತ್ತದೆ, ಮುಂದಿನ ಭಾಗ ಸಡಿಲವಾಗುತ್ತದೆ, ತಿಂದದ್ದು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಜೊತೆಗೆ ಕರುಳಿನೊಳಗೆ ನೀರೂ ಸ್ರವಿಸುತ್ತದೆ, ಒಣಗಿದ್ದು ಜಾರಬೇಕಲ್ಲ. ಇದು ಮೊದಲ ಕೆಲಸ. ಎರಡನೆಯದು, ಮೆದುಳಿಗೆ ಹೋಗುವ ನರಗಳನ್ನೂ ಅದೇ ಸೆರೊಟೋನಿನ್ ತಟ್ಟುತ್ತದೆ. ಹೊಟ್ಟೆ ತುಂಬಿದ ಭಾವ, ವಾಕರಿಕೆ, ಉಬ್ಬರ, ನೋವು ಇವೆಲ್ಲದರ ಸುದ್ದಿ ಆ ದಾರಿಯಲ್ಲಿ ಮೇಲಕ್ಕೆ ಹೋಗುತ್ತದೆ. ಒಂದೇ ವಸ್ತು ಬೇರೆ ಬೇರೆ ಕೆಲಸ ಮಾಡುವುದು ಹೇಗೆ ಎಂದರೆ, ನರಗಳ ಮೇಲೆ ಅದನ್ನು ಹಿಡಿಯುವ ಗ್ರಾಹಕಗಳು ಬೇರೆ ಬೇರೆ ಇವೆ. ಈ ಲೇಖನಕ್ಕೆ ಎರಡರ ಹೆಸರು ಸಾಕು. 4ನೇ ಬಗೆಯದು ಮುಖ್ಯವಾಗಿ ಚಲನೆಗೆ, 3ನೇ ಬಗೆಯದು ಚಲನೆ, ವಾಕರಿಕೆ, ನೋವಿನ ಸುದ್ದಿಗೆ.

ಬಸ್ಸಿನ ಕಂಡಕ್ಟರ್ ಊದುವ ಸೀಟಿಯಂತೆ ಇದು. ಸೀಟಿ ಕೇಳಿ ಡ್ರೈವರ್ ಗಾಡಿ ಬಿಡುತ್ತಾನೆ, ಸೀಟಿಯೇ ಗಾಡಿ ಎಳೆಯುವುದಿಲ್ಲ. ಸೀಟಿ ಇಲ್ಲದೆಯೂ ಡ್ರೈವರ್ ಹೊರಡಬಲ್ಲ ಎಂಬುದಕ್ಕೂ ಸಾಕ್ಷ್ಯ ಇದೆ. ಇಸಿ ಕೋಶಗಳಲ್ಲಿ ಸೆರೊಟೋನಿನ್ ತಯಾರಾಗದಂತೆ ಮಾಡಿದ ಇಲಿಗಳಲ್ಲಿ ಆಹಾರ ಸುಮಾರಾಗಿ ಮಾಮೂಲಿನಂತೆಯೇ ಸಾಗಿತು. ಕರುಳಿನ ನರಗಳೇ ತಯಾರಿಸುವ ಸ್ವಲ್ಪ ಸೆರೊಟೋನಿನ್ ಇದೆ, ಅದನ್ನು ನಿಲ್ಲಿಸಿದಾಗ ಮಾತ್ರ ಸಾಗಾಟ ನಿಧಾನವಾಯಿತು. 2011ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಳಿಕ, ಒಳಪೊರೆಯ ಸೆರೊಟೋನಿನ್ ಗಾಡಿ ಓಡಿಸುವುದಕ್ಕಿಂತ ಹೆಚ್ಚಾಗಿ ಅದರ ವೇಗ ತಿದ್ದುತ್ತದೆ ಎಂದು ಹಲವು ವಿಜ್ಞಾನಿಗಳು ನೋಡುತ್ತಾರೆ. ‘ಸೆರೊಟೋನಿನ್ ಇಲ್ಲದಿದ್ದರೆ ಕರುಳೇ ನಿಂತುಹೋಗುತ್ತದೆ’ ಎಂಬ ವಿಡಿಯೊ ಕಂಡರೆ ಇದು ನೆನಪಿರಲಿ.

ಊದಿದ ಸೀಟಿ ನಿಲ್ಲಲೂ ಬೇಕು. ಸುತ್ತಲಿನ ಒಳಪೊರೆಯ ಕೋಶಗಳಲ್ಲಿ ಒಂದು ಪಂಪಿನಂಥ ಪ್ರೋಟೀನ್ ಇದೆ, ಹೆಸರು ಸರ್ಟ್. ಕೆಲಸ ಮುಗಿದ ಸೆರೊಟೋನಿನ್ ಅನ್ನು ಅದು ಒಳಗೆ ಎಳೆದುಕೊಂಡು ಸದ್ದಡಗಿಸುತ್ತದೆ. ಮೆದುಳಿನಲ್ಲೂ ಇದೇ ಪಂಪು ಇದೆ. ಮುಂದೆ ಎರಡು ಕಡೆ ಈ ಪಂಪಿನ ಮಾತು ಬರುತ್ತದೆ.

ಹೊಟ್ಟೆಯದು ತಲೆಗೆ ಏರುವುದಿಲ್ಲ

ಫಾರ್ವರ್ಡ್ ಎಡವುವುದು ಇಲ್ಲಿ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದಂತೆ ರಕ್ತನಾಳಗಳ ಗೋಡೆಯೇ ಅಲ್ಲಿ ತಡೆ ಹಾಕಿದೆ. ಸೆರೊಟೋನಿನ್ ಆ ತಡೆ ದಾಟುವುದಿಲ್ಲ. ಮೆದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಅದೂ ಬೇರೆ ಕಿಣ್ವ ಬಳಸಿ. ಎರಡು ಕಡೆಯ ಕಿಣ್ವಗಳು ಬೇರೆ ಬೇರೆ ಎಂದು ಬರ್ಲಿನ್‌ನ ಸಂಶೋಧಕರು 2003ರಲ್ಲಿ ತೋರಿಸಿದರು. ಕರುಳಿನ ಕಿಣ್ವದ ಜೀನ್ ತೆಗೆದ ಇಲಿಗಳ ಕರುಳಿನಲ್ಲಿ ಸೆರೊಟೋನಿನ್ ಬಹುತೇಕ ಇರಲಿಲ್ಲ, ಮೆದುಳಿನಲ್ಲಿ ಮಾತ್ರ ಮಾಮೂಲಿನಷ್ಟೇ ಇತ್ತು.

ಕರುಳಿನಿಂದ ರಕ್ತಕ್ಕೆ ಸೇರುವ ಸೆರೊಟೋನಿನ್ ಹೋಗುವುದು ಎಲ್ಲಿಗೆ? ಬಹುಪಾಲನ್ನು ಪ್ಲೇಟ್‌ಲೆಟ್‌ಗಳು ಎತ್ತಿಟ್ಟುಕೊಳ್ಳುತ್ತವೆ, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬಳಸುತ್ತವೆ. ಉಳಿದದ್ದು ಪಿತ್ತಕೋಶದ ಪಕ್ಕದ ಯಕೃತ್ತು ಮತ್ತು ಶ್ವಾಸಕೋಶದಲ್ಲಿ ಒಡೆದು ಮೂತ್ರದಲ್ಲಿ ಹೋಗುತ್ತದೆ. ಆದ್ದರಿಂದ ರಕ್ತದ ಸೆರೊಟೋನಿನ್ ಅಳೆದು ‘ನಿಮ್ಮ ಖುಷಿಯ ಮಟ್ಟ ಇಷ್ಟು’ ಎನ್ನುವ ಲ್ಯಾಬ್ ಪ್ಯಾಕೇಜ್‌ಗೆ ದುಡ್ಡು ಸುರಿಯುವುದು ದಂಡ.

ಹೊಟ್ಟೆಯ ಸೆರೊಟೋನಿನ್ ಖುಷಿ ಕೊಡುವುದಿದ್ದರೆ ಕಾರ್ಸಿನಾಯ್ಡ್ ಸಿಂಡ್ರೋಮ್ ಇರುವವರು ಜಗತ್ತಿನಲ್ಲೇ ಅತಿ ಸಂತೋಷದ ಜನ ಆಗಿರಬೇಕಿತ್ತು. ಇದು ಅಪರೂಪದ ಕಾಯಿಲೆ. ಇಸಿ ಕೋಶದಂಥ ಕೋಶಗಳಿಂದಲೇ ಗಡ್ಡೆ ಬೆಳೆದು, ಹೆಚ್ಚಾಗಿ ಯಕೃತ್ತಿಗೂ ಹರಡಿ, ರಕ್ತಕ್ಕೆ ವಿಪರೀತ ಸೆರೊಟೋನಿನ್ ಸುರಿಯುತ್ತಿರುತ್ತದೆ. ಅವರಿಗೆ ಆಗುವುದು ಪದೇ ಪದೇ ನೀರು ನೀರಾದ ಭೇದಿ, ಮುಖ ಕೆಂಪೇರುವುದು, ಕೆಲವರಿಗೆ ಹೃದಯದ ಕವಾಟಕ್ಕೆ ಹಾನಿ. ಅವರ ಭೇದಿ ತಗ್ಗಿಸಲು 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಲೊಟ್ರಿಸ್ಟಾಟ್ ಎಂಬ ಔಷಧಿ ಸೆರೊಟೋನಿನ್ ತಯಾರಿಕೆಯನ್ನೇ ತಗ್ಗಿಸುತ್ತದೆ.

ಇಲ್ಲೊಂದು ತಮಾಷೆಯೂ ಇದೆ. ಈ ಕಾಯಿಲೆ ಪತ್ತೆಗೆ 24 ಗಂಟೆಯ ಮೂತ್ರ ಸಂಗ್ರಹಿಸಿ, ಸೆರೊಟೋನಿನ್ ಒಡೆದಾಗ ಉಂಟಾಗುವ ವಸ್ತುವನ್ನು ಅಳೆಯುತ್ತಾರೆ. ಪರೀಕ್ಷೆಗೆ ಮೊದಲು ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು ತಿನ್ನಬೇಡಿ ಎನ್ನುತ್ತಾರೆ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇರುವುದು ನಿಜ. ತಿಂದದ್ದು ಮೆದುಳಿಗೆ ಹೋಗುವುದಿಲ್ಲ, ಒಡೆದು ಮೂತ್ರಕ್ಕೆ ಬಂದು ರಿಪೋರ್ಟ್ ಕೆಡಿಸುತ್ತದೆ! ಹಾಗಂತ ಬಾಳೆಹಣ್ಣು ಬಿಡಬೇಕಾಗಿಲ್ಲ. ಊಟದ ಮೇಲೆ ತಿನ್ನಿ, ಮಾತ್ರೆಯ ಬದಲಿಗೆ ತಿನ್ನಬೇಡಿ.

ಹಾಗಾದರೆ ಮೊಸರು, ಒಳ್ಳೆಯ ಬ್ಯಾಕ್ಟೀರಿಯಾ? 2015ರಲ್ಲಿ ಕ್ಯಾಲ್‌ಟೆಕ್‌ನ ಇಲೇನ್ ಶಾವೊ ತಂಡ, ಬ್ಯಾಕ್ಟೀರಿಯಾವೇ ಇಲ್ಲದೆ ಬೆಳೆಸಿದ ಇಲಿಗಳ ಕರುಳಿನಲ್ಲಿ ಸೆರೊಟೋನಿನ್ ತಯಾರಿಕೆ ಸುಮಾರು ಶೇ 60ರಷ್ಟು ಕಡಿಮೆ ಇರುವುದನ್ನು ಕಂಡಿತು. ಕೆಲವು ಬ್ಯಾಕ್ಟೀರಿಯಾಗಳನ್ನು ಸೇರಿಸಿದಾಗ ಅದು ಮತ್ತೆ ಏರಿತು. ಮುಖ್ಯವಾದ ಅಧ್ಯಯನವೇ. ಆದರೆ ಅದು ಅಳೆದದ್ದು ಇಲಿಯ ಕರುಳು ಮತ್ತು ರಕ್ತವನ್ನು. ಮಜ್ಜಿಗೆ ಕುಡಿದರೆ ಮನುಷ್ಯನ ಮೆದುಳಿನ ಸೆರೊಟೋನಿನ್ ಏರುತ್ತದೆ ಎಂದು ಅದು ಎಲ್ಲೂ ಹೇಳಿಲ್ಲ.

ರಿಪೋರ್ಟ್ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ

ಇರಿಟೇಬಲ್ ಬವೆಲ್ ಸಿಂಡ್ರೋಮ್, ಎಲ್ಲರ ಬಾಯಲ್ಲಿ ಐಬಿಎಸ್. ವೈದ್ಯರು ಬಳಸುವ 2016ರ ರೋಮ್ ಮಾನದಂಡದ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೂ ಮಲವಿಸರ್ಜನೆಗೂ ನಂಟು, ಎಷ್ಟು ಸಲ ಹೋಗುತ್ತೇವೆ ಎಂಬುದರಲ್ಲಿ ಬದಲಾವಣೆ, ಗಟ್ಟಿಯೋ ತೆಳುವೋ ಎಂಬುದರಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡಾದರೂ ನೋವಿನ ಜೊತೆಗಿರಬೇಕು. ಕೆಲವರಿಗೆ ಭೇದಿಯೇ ಮುಖ್ಯ, ಕೆಲವರಿಗೆ ಮಲಬದ್ಧತೆ, ಇನ್ನು ಕೆಲವರಿಗೆ ಒಂದು ವಾರ ಅದು, ಮುಂದಿನ ವಾರ ಇದು. ಭಾರತವೂ ಸೇರಿ 33 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ, ಇಂಟರ್‌ನೆಟ್ ಮೂಲಕ ಉತ್ತರಿಸಿದವರಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಈ ಲಕ್ಷಣಗಳಿದ್ದವು.

ಇವರ ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆ ಇಲ್ಲ. ಕ್ಯಾಮೆರಾ ಹಾಕಿದರೆ ಗುಲಾಬಿ ಬಣ್ಣದ ಆರೋಗ್ಯವಂತ ಗೋಡೆ ಕಾಣುತ್ತದೆ. ಕ್ಯಾಮೆರಾಗೆ ಕಾಣುವುದು ಗೋಡೆ ಮಾತ್ರ. ಸೀಟಿಯ ಸದ್ದು, ಅದನ್ನು ಕೇಳುವ ನರ ಎಷ್ಟು ಚುರುಕು ಎಂಬುದು ಕಾಣುವುದಿಲ್ಲ.

ಮೊದಲು ಸಂವೇದನೆಯ ವಿಷಯ. 1973ರಲ್ಲಿ ಬ್ರಿಟನ್ನಿನ ವೈದ್ಯ ರಿಚಿ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಸಣ್ಣ ಬಲೂನು ಇಟ್ಟು ಗಾಳಿ ತುಂಬಿಸಿದರು. 60 ಮಿಲಿಲೀಟರ್ ತುಂಬಿದಾಗ ಐಬಿಎಸ್ ಇರುವವರಲ್ಲಿ ಶೇ 55 ಜನರಿಗೆ ನೋವಾಯಿತು, ಇಲ್ಲದವರಲ್ಲಿ ಶೇ 6 ಜನರಿಗೆ ಮಾತ್ರ. ಒಂದೇ ಬಲೂನು, ಒಂದೇ ಗಾಳಿ. ಒಬ್ಬರಿಗೆ ಅದು ‘ಏನೋ ಇದೆ’ ಅನ್ನಿಸುವಷ್ಟು, ಇನ್ನೊಬ್ಬರಿಗೆ ಹಲ್ಲು ಕಚ್ಚುವಷ್ಟು. ಎಲ್ಲರೂ ತಿಂದ ಅದೇ ಅವರೆಕಾಳು ಸಾರಿನ ಗ್ಯಾಸ್ ನಿಮಗೊಬ್ಬರಿಗೇ ತಡೆಯಲಾರದಂತೆ ಆಗುವುದು ಹೀಗೆ. ಇದರಲ್ಲಿ ನಾಟಕ ಇಲ್ಲ.

ಸೆರೊಟೋನಿನ್ ಕಡೆಯಿಂದ ನೋಡಿದರೂ ವ್ಯತ್ಯಾಸ ಸಿಕ್ಕಿದೆ. ಭೇದಿ ಪ್ರಧಾನ ಐಬಿಎಸ್ ಇರುವ ಹಲವರಲ್ಲಿ ಊಟದ ಬಳಿಕ ರಕ್ತದಲ್ಲಿ ಸೆರೊಟೋನಿನ್ ಮಾಮೂಲಿಗಿಂತ ಹೆಚ್ಚು ಏರುತ್ತದೆ, ಮಲಬದ್ಧತೆ ಇರುವವರಲ್ಲಿ ಆ ಏರಿಕೆ ಸಪ್ಪೆ. ಉಂಡ ತಕ್ಷಣ ಓಡಬೇಕಾಗುವವರಿಗೆ ಇದು ಕೇಳಿದಂತೆ ಅನ್ನಿಸಬಹುದು. ಅಮೆರಿಕದ ವರ್ಮಾಂಟ್‌ನ ಸಂಶೋಧಕರು 2004ರಲ್ಲಿ, ಐಬಿಎಸ್ ಇರುವವರ ಕರುಳಿನ ಒಳಪೊರೆಯಲ್ಲಿ ಸರ್ಟ್ ಪಂಪು ಕಡಿಮೆ ಇದೆ ಎಂದು ವರದಿ ಮಾಡಿದರು. ಪಂಪು ಕಡಿಮೆಯಾದರೆ ಸೀಟಿ ಬೇಗ ನಿಲ್ಲುವುದಿಲ್ಲ. ಆದರೆ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಐಬಿಎಸ್ ಎಂಬುದು ಒಂದೇ ಹೆಸರಿನ ಕೆಳಗಿರುವ ಹಲವು ತೊಂದರೆಗಳ ಗುಂಪು ಎಂದು ನೋಡಿದರೆ ಈ ಗೊಂದಲ ಅಷ್ಟು ವಿಚಿತ್ರವಲ್ಲ.

ಸ್ವಲ್ಪ ಗಟ್ಟಿ ನೆಲ ಸಿಗುವುದು ಸೋಂಕಿನ ನಂತರದ ಐಬಿಎಸ್‌ನಲ್ಲಿ. ‘ಆ ಮದುವೆ ಊಟದಲ್ಲಿ ಫುಡ್ ಪಾಯ್ಸನ್ ಆದಮೇಲೆ ನನ್ನ ಹೊಟ್ಟೆ ಮೊದಲಿನ ಹಾಗಿಲ್ಲ’ ಎನ್ನುವವರು ನಿಮ್ಮ ಮನೆಯಲ್ಲೇ ಇರಬಹುದು. ವಾಂತಿ-ಭೇದಿ ತರುವ ಕರುಳಿನ ಸೋಂಕಾದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ನಂತರ ಐಬಿಎಸ್ ಕಾಣಿಸಿಕೊಳ್ಳುತ್ತದೆ. 2000ದಲ್ಲಿ ಕೆನಡಾದ ವಾಕರ್ಟನ್ ಎಂಬ ಊರಿನಲ್ಲಿ ಕುಡಿಯುವ ನೀರು ಕಲುಷಿತವಾಗಿ ಸಾವಿರಾರು ಜನ ಕಾಯಿಲೆ ಬಿದ್ದರು. ವರ್ಷಗಳ ನಂತರವೂ ಅಲ್ಲಿ ಹಲವರಿಗೆ ಐಬಿಎಸ್ ಉಳಿದಿತ್ತು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ರಾಬಿನ್ ಸ್ಪಿಲ್ಲರ್ ಮತ್ತು ಸಂಗಡಿಗರು ಇಂಥ ರೋಗಿಗಳ ಒಳಪೊರೆಯ ಚೂರು ತೆಗೆದು ನೋಡಿದಾಗ ಇಸಿ ಕೋಶಗಳು ಹೆಚ್ಚಾಗಿದ್ದವು. ಕ್ರಿಮಿ ಹೋದರೂ ಕಂಡಕ್ಟರುಗಳ ಸಂಖ್ಯೆ ಇಳಿದಿರಲಿಲ್ಲ.

ಮನಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಪರೀಕ್ಷೆಯ ದಿನ ಬೆಳಿಗ್ಗೆ ಮೂರು ಸಲ ಟಾಯ್ಲೆಟ್‌ಗೆ ಹೋದವರಿಗೆ ಇದನ್ನು ಹೇಳಬೇಕಾಗಿಲ್ಲ. ಕರುಳು ಚುರ‍್ರೆನ್ನುವುದು, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಎಂದು ನಮ್ಮ ಭಾಷೆ ಈ ನಂಟನ್ನು ಮೊದಲೇ ಗುರುತಿಸಿದೆ. ಆದರೆ ಕರುಳು ಮತ್ತು ಮೆದುಳಿನ ನಡುವಿನ ವೇಗಸ್ ಎಂಬ ದೊಡ್ಡ ನರದ ಎಳೆಗಳಲ್ಲಿ ಸುಮಾರು ಶೇ 80 ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಆತಂಕದಿಂದ ಹೊಟ್ಟೆ ಕೆಡುವಂತೆಯೇ, ದಿನಾ ಕೆಡುವ ಹೊಟ್ಟೆಯಿಂದ ಆತಂಕವೂ ಹುಟ್ಟುತ್ತದೆ. ಬಸ್ಸು ಹತ್ತುವ ಮೊದಲು ದಾರಿಯಲ್ಲಿ ಟಾಯ್ಲೆಟ್ ಎಲ್ಲಿದೆ ಎಂದು ಲೆಕ್ಕ ಹಾಕಬೇಕಾದವರಿಗೆ ‘ಟೆನ್ಶನ್ ಮಾಡ್ಕೋಬೇಡ’ ಎಂದರೆ ಏನು ಪ್ರಯೋಜನ?

ಸೀಟಿಗೆ ಕೈ ಹಾಕಿದ ಔಷಧಿಗಳು

ಸೆರೊಟೋನಿನ್ ನಿಜಕ್ಕೂ ಹೊಟ್ಟೆಯಲ್ಲಿ ಈ ಕೆಲಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಮೆಡಿಕಲ್ ಶಾಪಿನಲ್ಲೇ ಇದೆ. ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆ ಮನೆಮನೆಗೂ ಗೊತ್ತು. ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್‌ನಂಥ ಕೀಮೊಥೆರಪಿ ಔಷಧಿಗಳು ಕರುಳಿನ ಇಸಿ ಕೋಶಗಳಿಂದ ಸೆರೊಟೋನಿನ್ ಹೊರಚೆಲ್ಲಿಸುತ್ತವೆ, ಅದು ವೇಗಸ್ ನರದ 3ನೇ ಗ್ರಾಹಕವನ್ನು ತಟ್ಟಿ ವಿಪರೀತ ವಾಂತಿ ತರುತ್ತದೆ. ಆ ಗ್ರಾಹಕಕ್ಕೆ ಬೀಗ ಹಾಕುವ ಔಷಧಿಯಾಗಿ 1990ರ ದಶಕದ ಆರಂಭದಲ್ಲಿ ಒಂಡಾನ್‌ಸೆಟ್ರಾನ್ ಬಂತು. ವಾಂತಿಗೆ ಹೆದರಿ ಕೀಮೊ ಬಿಡುತ್ತಿದ್ದ ರೋಗಿಗಳ ಪಾಲಿಗೆ ಅದು ದೊಡ್ಡ ಬದಲಾವಣೆ. ಅದರ ಸಾಮಾನ್ಯ ಅಡ್ಡಪರಿಣಾಮ ಮಲಬದ್ಧತೆ, ಯಾಕೆಂದು ಈಗ ನಿಮಗೇ ಗೊತ್ತು. ಇದನ್ನೇ ಉಪಯೋಗ ಮಾಡಿಕೊಂಡು ನಾಟಿಂಗ್‌ಹ್ಯಾಮ್‌ನವರು 2014ರಲ್ಲಿ ಭೇದಿ ಪ್ರಧಾನ ಐಬಿಎಸ್‌ಗೆ ಇದನ್ನು ಕೊಟ್ಟು ನೋಡಿದರು. ಮಲ ಗಟ್ಟಿಯಾಯಿತು, ಅವಸರ ತಗ್ಗಿತು. ನೋವು ಮಾತ್ರ ಅಷ್ಟಾಗಿ ಕಡಿಮೆಯಾಗಲಿಲ್ಲ. ಚಲನೆ ಬೇರೆ, ನೋವು ಬೇರೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಅದೇ ಗ್ರಾಹಕಕ್ಕೆ ಬೀಗ ಹಾಕುವ, ಇನ್ನೂ ಬಲವಾದ ಔಷಧಿ ಅಲೊಸೆಟ್ರಾನ್. ಅಮೆರಿಕದಲ್ಲಿ 2000ದ ಫೆಬ್ರುವರಿಯಲ್ಲಿ, ಭೇದಿ ಪ್ರಧಾನ ಐಬಿಎಸ್ ಇರುವ ಮಹಿಳೆಯರಿಗೆಂದು ಒಪ್ಪಿಗೆ ಸಿಕ್ಕಿತು. ಕೆಲವರಿಗೆ ತೀವ್ರ ಮಲಬದ್ಧತೆ, ಇನ್ನು ಕೆಲವರಿಗೆ ಕರುಳಿಗೆ ರಕ್ತ ಸಾಲದಾಗುವ ತೊಂದರೆ ಬಂದು, ಸಾವುಗಳೂ ವರದಿಯಾಗಿ ಅದೇ ನವೆಂಬರಿನಲ್ಲಿ ಹಿಂದಕ್ಕೆ ಪಡೆಯಲಾಯಿತು. ಆಮೇಲೆ ಆದದ್ದು ಅಪರೂಪದ ಸಂಗತಿ. ‘ಅಪಾಯ ಗೊತ್ತು, ಆದರೂ ಮರಳಿ ಕೊಡಿ’ ಎಂದು ರೋಗಿಗಳೇ ಒತ್ತಾಯ ಮಾಡಿದರು. 2002ರಲ್ಲಿ ಕಠಿಣ ಷರತ್ತುಗಳೊಂದಿಗೆ ಅದು ವಾಪಸ್ ಬಂತು. ಐಬಿಎಸ್ ‘ಏನೂ ಅಲ್ಲದ’ ಕಾಯಿಲೆ ಎನ್ನುವವರು ಈ ಒತ್ತಾಯವನ್ನು ಸ್ವಲ್ಪ ಯೋಚಿಸಿ ನೋಡಬೇಕು.

4ನೇ ಗ್ರಾಹಕವನ್ನು ತಟ್ಟಿ ಕರುಳನ್ನು ಚುರುಕು ಮಾಡುವ ಔಷಧಿಗಳ ಕಥೆಯೂ ಸುಲಭದ್ದಲ್ಲ. ಸಿಸಪ್ರೈಡ್ ಹೃದಯದ ಬಡಿತದ ಲಯ ಕೆಡಿಸಿತು. ಟೆಗಸೆರಾಡ್‌ಗೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತ್ತು, ಹೃದಯಾಘಾತ, ಪಾರ್ಶ್ವವಾಯುವಿನ ಆತಂಕದಿಂದ 2007ರಲ್ಲಿ ಮಾರಾಟ ನಿಂತಿತು. ಭಾರತ ಇವೆರಡನ್ನೂ 2011ರಲ್ಲಿ ನಿಷೇಧಿಸಿತು. 4ನೇ ಗ್ರಾಹಕವನ್ನೇ ಗುರಿಯಿಟ್ಟು ತಟ್ಟುವ ಪ್ರುಕಲೊಪ್ರೈಡ್ ಈಗ ದೀರ್ಘಕಾಲದ ಮಲಬದ್ಧತೆಗೆ ಬಳಕೆಯಲ್ಲಿದೆ, ನಮ್ಮಲ್ಲೂ ಸಿಗುತ್ತದೆ.

ನಮ್ಮ ಊರಿನ ಚೀಟಿಗಳಲ್ಲಿ ಇನ್ನೂ ಹೆಚ್ಚು ಕಾಣುವ ಹೆಸರು ಲೆವೊಸಲ್ಪಿರೈಡ್. ಗ್ಯಾಸ್ಟ್ರಿಕ್ ಎಂದು ಹೋದರೆ ಆಸಿಡ್ ತಗ್ಗಿಸುವ ಔಷಧಿಯ ಜೊತೆ ಒಂದೇ ಕ್ಯಾಪ್ಸೂಲ್‌ನಲ್ಲಿ ಇದೂ ಇರುತ್ತದೆ. ಇದು 4ನೇ ಸೆರೊಟೋನಿನ್ ಗ್ರಾಹಕವನ್ನು ತಟ್ಟುತ್ತದೆ, ಜೊತೆಗೆ ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕಕ್ಕೆ ಅಡ್ಡ ಬರುತ್ತದೆ. ಕೆಲವು ಹೆಂಗಸರಿಗೆ ಮುಟ್ಟು ಏರುಪೇರಾಗುವುದು, ಬಾಣಂತಿಯಲ್ಲದಿದ್ದರೂ ಎದೆಹಾಲು ಜಿನುಗುವುದು, ವಯಸ್ಸಾದವರಿಗೆ ಕೈ ನಡುಕ, ನಡಿಗೆ ನಿಧಾನವಾಗುವುದು ಅದರಿಂದ. ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಅದನ್ನೇ ತರಿಸಿ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಅಜ್ಜಿಗೆ ಹೊಸದಾಗಿ ಕೈ ನಡುಗುತ್ತಿದ್ದರೆ ‘ವಯಸ್ಸಾಯ್ತು’ ಎನ್ನುವ ಮೊದಲು ಅವರ ಗ್ಯಾಸ್ ಮಾತ್ರೆಯ ಪಟ್ಟಿಯ ಹಿಂಬದಿ ಓದಿ, ಈ ಹೆಸರಿದ್ದರೆ ಡಾಕ್ಟರಿಗೆ ತೋರಿಸಿ.

ಹೊಟ್ಟೆಗೆ ಯಾಕೆ ‘ಡಿಪ್ರೆಶನ್ ಮಾತ್ರೆ’?

ಐಬಿಎಸ್‌ಗೆ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರೆ ಬಹಳ ಜನ ಮನೆಗೆ ಬಂದು ಮೊಬೈಲ್‌ನಲ್ಲಿ ಹೆಸರು ಹುಡುಕುತ್ತಾರೆ. ‘ಖಿನ್ನತೆಗೆ ಔಷಧಿ’ ಎಂದು ಬರುತ್ತದೆ. ನನ್ನನ್ನು ಹುಚ್ಚ ಅಂದುಕೊಂಡರಾ ಎಂದು ಸಿಟ್ಟಾಗಿ ಮಾತ್ರೆ ಡಬ್ಬದಲ್ಲೇ ಉಳಿಯುತ್ತದೆ. ಖಿನ್ನತೆ ಇದ್ದವರು ಹುಚ್ಚರಲ್ಲ ಎಂಬುದು ಹಾಗಿರಲಿ, ಇಲ್ಲಿ ಮಾತ್ರೆ ಕೊಟ್ಟಿರುವುದು ಖಿನ್ನತೆಗೂ ಅಲ್ಲ. ಹೊಟ್ಟೆಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ 10ರಿಂದ 30 ಮಿಲಿಗ್ರಾಂ, ಖಿನ್ನತೆಗೆ ಕೊಡುತ್ತಿದ್ದುದಕ್ಕಿಂತ ಬಹಳ ಕಡಿಮೆ. ಇದು ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಪಂಪುಗಳನ್ನು ತಡೆದು ನೋವಿನ ಸುದ್ದಿ ಸಾಗುವ ದಾರಿಯನ್ನು ಮಂದ ಮಾಡುತ್ತದೆ, ಕರುಳಿನ ವೇಗವನ್ನೂ ತಗ್ಗಿಸುತ್ತದೆ. ಇಂಗ್ಲೆಂಡಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ಆರು ತಿಂಗಳು ನಡೆದು 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಳ್ಳು ಮಾತ್ರೆ ಪಡೆದವರಿಗಿಂತ ಇದನ್ನು ಪಡೆದವರಿಗೆ ಲಕ್ಷಣಗಳು ಹೆಚ್ಚು ತಗ್ಗಿದವು. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇರುತ್ತದೆ. ಮಲಬದ್ಧತೆ ಇರುವವರಿಗೆ ಅಷ್ಟಾಗಿ ಹೊಂದುವುದಿಲ್ಲ. ಮಾತು ಮತ್ತು ವರ್ತನೆಯ ಥೆರಪಿ, ಹೊಟ್ಟೆಯನ್ನೇ ಗುರಿಯಾಗಿಸಿದ ಹಿಪ್ನೋಥೆರಪಿ ಕೂಡ ಐಬಿಎಸ್‌ಗೆ ಪ್ರಯೋಜನ ತೋರಿಸಿವೆ. ಅವು ಫಲ ಕೊಟ್ಟ ಮಾತ್ರಕ್ಕೆ ನೋವು ಸುಳ್ಳಾಗಿತ್ತು ಎಂದು ಅರ್ಥವಲ್ಲ.

ಖಿನ್ನತೆ, ಆತಂಕಕ್ಕೆ ಇಂದು ಹೆಚ್ಚು ಕೊಡುವ ಎಸಿಟಲೋಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳು ಸರ್ಟ್ ಪಂಪನ್ನು ತಡೆಯುತ್ತವೆ. ಪಂಪು ಮೆದುಳಿನಲ್ಲಷ್ಟೇ ಇಲ್ಲ, ಕರುಳಿನಲ್ಲೂ ಇದೆಯಲ್ಲ. ಮೊದಲ ಒಂದೆರಡು ವಾರ ವಾಕರಿಕೆ, ಲೂಸ್ ಮೋಷನ್ ಆಗುವುದು ಇದರಿಂದಲೇ, ಹೆಚ್ಚಿನವರಿಗೆ ಅದು ತಾನಾಗಿ ತಗ್ಗುತ್ತದೆ. ‘ಮಾತ್ರೆ ಹೊಟ್ಟೆ ಹಾಳು ಮಾಡಿತು, ಬಾಳೆಹಣ್ಣಿನ ಚಿಕಿತ್ಸೆಯೇ ಸಾಕು’ ಎಂದು ಆ ಹೊತ್ತಿನಲ್ಲಿ ತಟ್ಟನೆ ನಿಲ್ಲಿಸುವುದು ಅಪಾಯ. ತೊಂದರೆ ಹೆಚ್ಚಿದ್ದರೆ ಬರೆದುಕೊಟ್ಟವರಿಗೇ ಫೋನ್ ಮಾಡಿ, ಪ್ರಮಾಣ ಅಥವಾ ಮಾತ್ರೆ ಬದಲಿಸಲು ದಾರಿ ಇದೆ. ಆನ್‌ಲೈನ್‌ನಲ್ಲಿ ‘ನೈಸರ್ಗಿಕ ಮೂಡ್ ಬೂಸ್ಟರ್’ ಎಂದು ಮಾರುವ 5-ಎಚ್‌ಟಿಪಿ ಗುಳಿಗೆಯನ್ನು ಈ ಮಾತ್ರೆಗಳ ಜೊತೆ ಸೇರಿಸಲೇಬೇಡಿ. ಸೆರೊಟೋನಿನ್ ವಿಪರೀತವಾಗಿ ನಡುಕ, ಬೆವರು, ಜ್ವರ, ಗೊಂದಲ, ಭೇದಿ ಶುರುವಾದರೆ ಅದು ಆಸ್ಪತ್ರೆಗೆ ಓಡಬೇಕಾದ ತುರ್ತು.

ಕೆಲವು ಲಕ್ಷಣಗಳಿದ್ದರೆ ಐಬಿಎಸ್ ಎಂದು ನೀವೇ ಹೆಸರಿಟ್ಟುಕೊಂಡು ಕೂರಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ಜ್ವರ, 45–50 ದಾಟಿದ ಮೇಲೆ ಮೊದಲ ಬಾರಿ ಶುರುವಾದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿರುವುದು. ಇವುಗಳಲ್ಲಿ ಒಂದಿದ್ದರೂ ಸೆರೊಟೋನಿನ್ ವಿಚಾರ ಪಕ್ಕಕ್ಕಿಟ್ಟು ಮೊದಲು ತಪಾಸಣೆಗೆ ಹೋಗಿ. ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಗ್ಯಾಸ್ ಮಾತ್ರೆ, ಆನ್‌ಲೈನ್ ಗುಳಿಗೆ, ನಾಟಿ ಚೂರ್ಣ ಸೇರಿ.